ಓದಿಸಿದರೆ ಬಡತನ ಹೋಗುತ್ತದೆಯೇ ಎಂದು ಕೇಳುವವರಿಗೆ

ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ನನ್ನ ಸೋದರಮಾವನಂತೂ ಪ್ರತಿ ವರ್ಷ ಪಂಚಮಿಗೆ ಉಂಡಿ ಕೈಗಿಡುವಾಗಲೇ ಕೇಳುತ್ತಾನೆ: "ಬಿ.ಎ., ಬಿ.ಇಡಿ. ಮಾಡಿದವರೇ ಕಟ್ಟೆಯ ಮೇಲೆ ಖಾಲಿ ಕೂತಿದ್ದಾರೆ. ನೀನು ಕೂಲಿಯವರ ಮಕ್ಕಳಿಗೆ ನಾಲ್ಕಕ್ಷರ ಕಲಿಸಿ ಯಾವ ಬಡತನ ಕಳೆಯುತ್ತೀಯವ್ವಾ?"

ನಾನಿರುವುದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ. ನಮ್ಮ ಕಾಗದಪತ್ರಗಳ ತಲೆಯ ಮೇಲೆ "ಶಿಕ್ಷಣದ ಮೂಲಕ ಬಡತನ ನಿವಾರಣೆ" ಎಂದು ಅಚ್ಚಾಗಿದೆ. ಮಾವ ಅದನ್ನು ಗಟ್ಟಿಯಾಗಿ ಓದಿ ನಗುತ್ತಾನೆ. ನನ್ನ ಪಾಲಿಗೆ ಬಂದಿರುವುದು ಯಾದಗಿರಿ ಜಿಲ್ಲೆ; ಸುರಪುರ, ಶಹಾಪುರ, ಗುರುಮಠಕಲ್ ಕಡೆಯ ಹಳ್ಳಿಗಳು, ತಾಂಡಾಗಳು.

ಅವನ ಪ್ರಶ್ನೆ ಪೆದ್ದು ಪ್ರಶ್ನೆಯೇನಲ್ಲ. ಅವನ ಹಿರಿಯ ಮಗ ಎಂ.ಎ. ಮುಗಿಸಿ, ಧಾರವಾಡದಲ್ಲಿ ಬಾಡಿಗೆ ಕೋಣೆ ಹಿಡಿದು ಮೂರು ವರ್ಷ ಪರೀಕ್ಷೆಗಳಿಗೆ ಓದಿ, ಈಗ ಊರಿನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆ ಮೂರು ವರ್ಷದ ಖರ್ಚಿಗೆ ಮಾವ ಎರಡು ಎಕರೆ ಒತ್ತೆ ಇಟ್ಟಿದ್ದ. ಓದಿನಿಂದ ಆ ಮನೆಯ ಬಡತನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಇದನ್ನು ಒಪ್ಪಿಕೊಂಡೇ ಮಾತು ಶುರುಮಾಡುತ್ತೇನೆ.

ಆದರೆ ಓದು ಅಂದರೆ ನೌಕರಿ ಎಂಬಲ್ಲಿಗೇ ಅವನ ಲೆಕ್ಕ ನಿಂತುಹೋಗುತ್ತದೆ. ನೌಕರಿಯ ಮಾತನ್ನೇ ಮೊದಲು ನೋಡೋಣ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಕಲಂ ಸೇರಿತು. ಅದರಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಇಲ್ಲಿನವರಿಗೆ ಮೀಸಲಾದವು. ಸರ್ಕಾರಿ ಹುದ್ದೆಗಳಲ್ಲೂ ಪಾಲು ಸಿಕ್ಕಿತು. ದೊಡ್ಡ ಮಾತೇ. ಆದರೆ ಆ ಬಾಗಿಲ ತನಕ ಹೋಗಲು ಮೊದಲು ಹತ್ತನೇ ತರಗತಿ ದಾಟಬೇಕು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆಯ ಜಿಲ್ಲೆ ಯಾದಗಿರಿ. 2025ರಲ್ಲಿ ಕಲಬುರಗಿ, ಮೊದಲ ಪರೀಕ್ಷೆಯಲ್ಲಿ ಶೇ 42.43. ಕೊನೆಯ ಸ್ಥಾನವನ್ನು ಅಣ್ಣತಮ್ಮಂದಿರ ಹಾಗೆ ನಮ್ಮ ನಮ್ಮಲ್ಲೇ ಹಂಚಿಕೊಂಡಿದ್ದೇವೆ. ಮೀಸಲಾತಿಯ ಪ್ರಯೋಜನ ಮಾವನ ಮಗನಂಥವರ ತನಕ ಬಂದು ನಿಲ್ಲುತ್ತದೆ. ಮಾವನ ಹೊಲಕ್ಕೆ ಕೂಲಿಗೆ ಬರುವವರ ಮಕ್ಕಳು ಅದರ ಹೆಸರನ್ನೇ ಕೇಳಿರುವುದಿಲ್ಲ.

ಅವರು ಎಲ್ಲಿ ಜಾರಿಹೋಗುತ್ತಾರೆ ಎಂದು ತಿಳಿಯಬೇಕಿದ್ದರೆ ದೀಪಾವಳಿ ಮುಗಿದ ವಾರ ಯಾದಗಿರಿ ರೈಲು ನಿಲ್ದಾಣಕ್ಕೆ ಬಂದು ನೋಡಬೇಕು. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತ ಇಡೀ ಓಣಿಗಳೇ ಕೂತಿರುತ್ತವೆ. ಜೋಳದ ಹಿಟ್ಟಿನ ಚೀಲ, ಹಂಚು, ಕೌದಿಯ ಗಂಟು, ಮಗುಚಿಟ್ಟ ಕೊಡ. ಗಂಟುಗಳ ಮೇಲೆ ಮಕ್ಕಳು. ಅವರಲ್ಲಿ ಹಲವರ ಮೈಮೇಲೆ ಶಾಲೆಯ ಸಮವಸ್ತ್ರ. ಶಾಲೆಗೆ ಹೊರಟಿದ್ದಾರೆಂದಲ್ಲ, ಮನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಅಂಗಿ ಇಲ್ಲ. ಯುಗಾದಿಯ ತನಕ, ಕೆಲವರು ಮಳೆ ಬೀಳುವ ತನಕ, ಕಟ್ಟಡದ ಕೆಲಸದಲ್ಲೇ ಇರುತ್ತಾರೆ. ಗುಳೆ ಹೋಗದವರ ಮಕ್ಕಳು ಕಾಲುವೆ ನೀರಿನ ಹೊಲಗಳಲ್ಲಿ ಹತ್ತಿ ಬಿಡಿಸಲು ಹೋಗುತ್ತಾರೆ. ಅಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ತಕ್ಕಡಿ ಯಾರ ವಯಸ್ಸನ್ನೂ ಕೇಳುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಾಲೆ ಹಕ್ಕು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತದೆ. ಮಗು ಮಾತ್ರ ಬೆಂಗಳೂರಿನ ಯಾವುದೋ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತದೆ. ನಮ್ಮ ಸಂಸ್ಥೆಯದೂ ಇಲ್ಲಿ ತಪ್ಪಿದೆ. ಎಷ್ಟು ಮಕ್ಕಳನ್ನು ಶಾಲೆಗೆ ಸೇರಿಸಿದಿರಿ ಎಂದೇ ವರ್ಷಾನುಗಟ್ಟಲೆ ಕೇಂದ್ರ ಕಚೇರಿಯವರು ಕೇಳಿದರು, ನಾವು ಜೂನ್ ತಿಂಗಳ ಸಂಖ್ಯೆ ಕಳಿಸಿ ಬೆನ್ನು ತಟ್ಟಿಸಿಕೊಂಡೆವು. ಡಿಸೆಂಬರಿನ ಸಂಖ್ಯೆಯನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಾಲ್ಕೈದು ತಿಂಗಳು ತಪ್ಪಿದ ಮಗು ಮರಳಿ ಬಂದಾಗ ಮೊದಲು ಕೈಕೊಡುವುದು ಒತ್ತಕ್ಷರ. ಐದನೇ ತರಗತಿಯ ಹುಡುಗನ ಮುಂದೆ ನಾಲ್ಕು ಸಾಲಿನ ಕತೆಯ ಚೀಟಿ ಇಟ್ಟಿದ್ದೆ. "ಹಳ್ಳ" ಎಂಬುದನ್ನು "ಹಳ" ಎಂದ, "ಅಜ್ಜ"ನನ್ನು "ಅಜ" ಮಾಡಿದ. ಕೆಳಗಿನ ಒತ್ತು ಅವನ ಕಣ್ಣಿಗೆ ಕಾಣುತ್ತಿಲ್ಲ ಎಂದಲ್ಲ, ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಿಟ್ಟು ಮುಂದೆ ಹೋಗುತ್ತಿದ್ದ. ಒತ್ತು ಕಲಿಸುವ ಹೊತ್ತಿಗೆ ಅವನು ಎರಡು ವರ್ಷವೂ ಊರಲ್ಲಿರಲಿಲ್ಲ. ತಾಂಡಾದ ಮಕ್ಕಳ ಕಷ್ಟವೇ ಬೇರೆ. ಮನೆಯಲ್ಲಿ ತಾಯಿಯನ್ನು "ಯಾಡಿ" ಎನ್ನುವ ಮಗು ಒಂದನೇ ತರಗತಿಯಲ್ಲಿ ಹೊಸ ಭಾಷೆ, ಹೊಸ ಲಿಪಿ ಎರಡನ್ನೂ ಒಟ್ಟಿಗೆ ಎದುರಿಸಬೇಕು. ಗುರುಮಠಕಲ್ ಗಡಿಯಲ್ಲಿ ಮನೆಮಾತು ತೆಲುಗು. ಬೀದರಿನ ಔರಾದ ಕಡೆ ಕೆಲಸ ಮಾಡುವ ನನ್ನ ಗೆಳತಿಗೆ ಇದೇ ಪಾಡು ಮರಾಠಿಯೊಂದಿಗೆ. ಮೂರನೇ ತರಗತಿಯೊಳಗೆ ಓದು ಸಲೀಸಾಗದಿದ್ದರೆ ಮುಂದಿನ ವಿಜ್ಞಾನ, ಸಮಾಜ ಎಲ್ಲವೂ ಮಗುವಿನ ತಲೆಯ ಮೇಲೆ ಹಾದುಹೋಗುತ್ತವೆ. ಇದು ನನ್ನ ಅನುಭವದ ಮಾತು. ನನ್ನ ಕೈಗೆ ಅಧಿಕಾರ ಕೊಟ್ಟರೆ ಇಡೀ ಜಿಲ್ಲೆಯ ಸ್ಮಾರ್ಟ್ ಕ್ಲಾಸುಗಳ ಹಣವನ್ನು ಮೊದಲ ಮೂರು ತರಗತಿಗಳಿಗೆ ಸುರಿಯುತ್ತಿದ್ದೆ.

ಊಟದ ವಿಷಯದಲ್ಲಿ ಮಾತ್ರ ದೂರಲಾರೆ. ಬಿಸಿಯೂಟ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದೇ ಈ ಕಡೆಯ ಜಿಲ್ಲೆಗಳಲ್ಲಿ. ಮೊಟ್ಟೆಯೂ 2021ರ ಡಿಸೆಂಬರಿನಲ್ಲಿ ಇಲ್ಲಿಗೇ ಮೊದಲು ಬಂತು. ಮೊಟ್ಟೆಯ ದಿನ ಹಾಜರಿ ಎಣಿಸಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಈಗ ಮಾವನಿಗೆ ನಾನು ಹೇಳುವ ಲೆಕ್ಕ. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯ ಗಂಡ ಹೆಂಡತಿ ಮೇಸ್ತ್ರಿಯಿಂದ ನಲವತ್ತು ಸಾವಿರ ಮುಂಗಡ ಹಿಡಿದು ಬೆಂಗಳೂರಿಗೆ ಹೋದರು, ಏಳನೇ ತರಗತಿಯ ಮಗಳನ್ನೂ ಕರೆದುಕೊಂಡು. ಮುಂಗಡದ ಪದ್ಧತಿ ಸರಳ: ದುಡಿದ ದಿನಗಳನ್ನು ಮೇಸ್ತ್ರಿ ತನ್ನ ಪುಸ್ತಕದಲ್ಲಿ ಹಾಜರಿ ಹಾಕುತ್ತಾನೆ, ವಾರಕ್ಕೊಮ್ಮೆ ಖರ್ಚಿ ಕೊಟ್ಟು ಅದನ್ನೂ ಬರೆದುಕೊಳ್ಳುತ್ತಾನೆ, ಊರಿಗೆ ಮರಳುವಾಗ ಎಲ್ಲ ಕೂಡಿ ಕಳೆದು ಇಷ್ಟು ಉಳಿಯಿತು ಎನ್ನುತ್ತಾನೆ. ಹೆಚ್ಚು ಸಲ ಉಳಿಯುವುದು ಬಾಕಿಯೇ. ಬಾಕಿ ಉಳಿದವರು ಮುಂದಿನ ವರ್ಷವೂ ಅವನ ಹಿಂದೆಯೇ ಹೋಗಬೇಕು. ಪುಸ್ತಕದಲ್ಲಿ ಏನಿದೆ ಎಂದು ಓದಿ ನೋಡಲು ಬಾರದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು 51.83, ಹೆಂಗಸರದು 41.38. ಮೇಸ್ತ್ರಿಯ ಪುಸ್ತಕದ ಬಲವೆಲ್ಲ ಈ ಅಂಕಿಗಳಲ್ಲಿದೆ.

ಆ ಹುಡುಗಿ ಸಂಜೆ ಹೊತ್ತು ಬೇಸರ ಕಳೆಯಲು ತನ್ನ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತ ಹೋಗಿದ್ದಳು. ಯುಗಾದಿಗೆ ಬಂದಾಗ ನನಗೆ ತೋರಿಸಿದಳು. ಮುಂದಿನಿಂದ ತೆರೆದರೆ ಸಸ್ಯಗಳಲ್ಲಿ ಪೋಷಣೆ, ಎಲೆಯ ಚಿತ್ರಕ್ಕೆ ಅರ್ಧ ಹಸಿರು ಬಣ್ಣ. ಹಿಂದಿನಿಂದ ತೆರೆದರೆ ತಾರೀಖು, ಅದರ ಮುಂದೆ "ಅಪ್ಪ 1, ಅವ್ವ 1". ಮಳೆ ಬಂದ ದಿನ "ಅಪ್ಪ ½". ಅವ್ವನಿಗೆ ಜ್ವರ ಬಂದ ದಿನ ಒಂದು ಗೀಟು. ಮೇಸ್ತ್ರಿಯ ಪುಸ್ತಕದಲ್ಲಿ ಅಪ್ಪನದು 92 ದಿನ, ಹುಡುಗಿಯದರಲ್ಲಿ 101. ಅವ್ವನದು ಅಲ್ಲಿ 84, ಇಲ್ಲಿ 87. ಗಂಡಾಳಿಗೆ ಏಳು ನೂರು, ಹೆಣ್ಣಾಳಿಗೆ ನಾಲ್ಕು ನೂರ ಐವತ್ತರಂತೆ ಒಟ್ಟು 7,650 ರೂಪಾಯಿಯ ವ್ಯತ್ಯಾಸ. (ಗಂಡಾಳು ಹೆಣ್ಣಾಳಿನ ನಡುವಿನ ಇನ್ನೂರೈವತ್ತರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.) ಮೇಸ್ತ್ರಿ ಮೊದಲು ನಕ್ಕನಂತೆ, ಆಮೇಲೆ ಸಿಟ್ಟಾದನಂತೆ. ಹುಡುಗಿ ತಾರೀಖು ತಾರೀಖು ಓದಿ ಹೇಳಿದ ಮೇಲೆ "ಹೋಗಲಿ, ಐದು ಸಾವಿರ ಹಿಡಿಯಿರಿ" ಎಂದನಂತೆ. ಆ ವರ್ಷ ಅವರ ಬಾಕಿ ಚುಕ್ತಾ ಆಯಿತು.

"ಹಾಗಾದರೆ ಐದು ಸಾವಿರಕ್ಕೆ ಏಳು ವರ್ಷ ಓದಬೇಕೇ?" ಎಂದು ಮಾವ ತಕ್ಷಣ ಕೇಳಿದ. ಎಂ.ಎ. ಓದಿದ ಮಗ ಪಕ್ಕದಲ್ಲೇ ಇದ್ದ. "ಅಪ್ಪಾ, ನೀವು ಒತ್ತೆ ಪತ್ರಕ್ಕೆ ಸಹಿ ಹಾಕುವ ಮೊದಲು ನನ್ನ ಕೈಗೆ ಕೊಟ್ಟಿದ್ದರೆ ಬಡ್ಡಿಯ ಸಾಲನ್ನು ಓದಿ ಹೇಳುತ್ತಿದ್ದೆ" ಎಂದ. ಮಾವ ಅಡಿಕೆ ಕತ್ತರಿಸತೊಡಗಿದ.

ಆದರೆ ಈ ಕತೆಯನ್ನು ಗೆಲುವಿನ ಕತೆಯಂತೆ ಹೇಳಲು ನನಗೆ ಸಂಕೋಚ. ಲೆಕ್ಕ ಬರೆದ ಹುಡುಗಿ ಆ ತಿಂಗಳುಗಳಲ್ಲಿ ತರಗತಿಯಲ್ಲಿರಬೇಕಿತ್ತು. ಮೇಸ್ತ್ರಿಯ ಹಾಜರಿ ಸರಿಮಾಡಿದವಳ ಸ್ವಂತ ಹಾಜರಿ ಶಾಲೆಯಲ್ಲಿ ಖಾಲಿ. ಮುಂದಿನ ಜೂನಿನಲ್ಲಿ ಅವಳನ್ನು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಕ್ಕೆ ಸೇರಿಸಲು ಮನೆಗೆ ಹೋದೆ. ವಸತಿ ಶಾಲೆ, ಊಟ, ಪುಸ್ತಕ ಎಲ್ಲ ಉಚಿತ. ಮನೆಯವರು ಗುಳೆ ಹೋದರೂ ಮಗಳ ಓದು ನಿಲ್ಲುವುದಿಲ್ಲ ಎಂದೆಲ್ಲ ವಿವರಿಸಿದೆ. ತಾಯಿ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಕಳಿಸುತ್ತೇನೆ. ಇವಳು ಅಲ್ಲಿಗೆ ಹೋದರೆ ನಮ್ಮ ಹಾಜರಿ ಯಾರು ಬರೆಯಬೇಕು, ಅಕ್ಕಾವರೇ?" ಎಂದಳು.

ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ದಸರೆಯಿಂದ ದೀಪಾವಳಿಯ ತನಕ ವಾರಕ್ಕೆ ಮೂರು ಸಂಜೆ ಅವಳ ಮನೆಯಂಗಳದಲ್ಲಿ ಕೂತೆವು. ಓಣಿಯ ಇನ್ನೂ ಆರು ಹೆಂಗಸರು ಬಂದರು. ಅಕ್ಷರ ಬೇಡ, ಮೊದಲು ಅಂಕಿ ಬೇಕು ಎಂದರು. ನಮ್ಮ ಯೋಜನೆಯಲ್ಲಿ ವಯಸ್ಕರ ಶಿಕ್ಷಣ ಇಲ್ಲ, ಕೇಂದ್ರ ಕಚೇರಿಯ ನಮೂನೆಯಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. "ಪಾಲಕರ ಸಭೆ" ಎಂದು ಬರೆದು ಕಳಿಸಿದೆ. ಇಷ್ಟೊಂದು ಪಾಲಕರ ಸಭೆ ಯಾಕೆ ಎಂದು ಇನ್ನೂ ಯಾರೂ ಕೇಳಿಲ್ಲ.

ಮಗಳು ಈಗ ಎಂಟನೇ ತರಗತಿ. ಗಂಡ ಹೆಂಡತಿ ಈ ವರ್ಷವೂ ಬೆಂಗಳೂರಿಗೆ ಹೋಗಿದ್ದಾರೆ, ಆದರೆ ಬೇರೆ ಮೇಸ್ತ್ರಿಯೊಂದಿಗೆ, ಕಡಿಮೆ ಮುಂಗಡಕ್ಕೆ. ಭಾನುವಾರ ಖರ್ಚಿ ಸಿಕ್ಕ ಮೇಲೆ ಆ ತಾಯಿಯ ಫೋನ್ ಬರುತ್ತದೆ. ಕಳೆದ ವಾರ ಹಿಂದಿನಿಂದ ಮಿಕ್ಸರ್ ಸದ್ದು ಜೋರಾಗಿ ಕೇಳುತ್ತಿತ್ತು, ಕೂಗಿ ಮಾತಾಡುತ್ತಿದ್ದಳು.

"ಏಳು ನೂರು ಕೊಟ್ಟಿದ್ದಾನೆ. ಏಳು ಬರೆದಿದ್ದೇನೆ. ಅದರ ಮುಂದೆ ಸೊನ್ನೆ ಎರಡೋ, ಮೂರೋ?"