ಅಂಜದೀವವನ್ನು ದಡದಿಂದಲೇ ನೋಡಿ ಬಂದದ್ದು

ಅಂಕೋಲಾ ಬಸ್‌ಸ್ಟ್ಯಾಂಡಿನ ಹತ್ತಿರ ಬನ್ಸ್ ತಿನ್ನದೆ ಕಾರವಾರಕ್ಕೆ ಹೋದರೆ ಆ ದಿನದ ಕೆಲಸ ಕೈಗೂಡುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ ಬರುವಷ್ಟರಲ್ಲೇ ತಡವಾಗಿತ್ತು. ಬನ್ಸ್ ಬಾಯಲ್ಲಿರುವಾಗಲೇ ಅಕ್ಕೋರ ಫೋನು. "ಎಲ್ಲಿದ್ಯೋ? ಬಿಸಿಲೇರಿದ್ರೆ ದ್ವೀಪ ಮಬ್ಬಾಗ್ತದೆ."

ಅಕ್ಕೋರು ಹೈಸ್ಕೂಲಿನಲ್ಲಿ ನನಗೆ ಸಮಾಜ ವಿಜ್ಞಾನ ಕಲಿಸಿದವರು. ನಿವೃತ್ತರಾಗಿ ಕಾರವಾರ ಸೇರಿದ ಮೇಲೆ ಅವರಿಗೆ ಅಲ್ಲಿಯ ಕಡಲಲ್ಲಿರುವ ಅಂಜದೀವ ದ್ವೀಪದ ಹುಚ್ಚು ಹಿಡಿದಿದೆ. ಜೊತೆಗೆ ನೌಕಾಪಡೆಯಿಂದ ನಿವೃತ್ತರಾದ 'ನೇವಿಯವರು' ಮತ್ತು ಮೀನುಗಾರರ ಒಬ್ಬ ಹಿರಿಯ ತಾಂಡೇಲರು. ಮೂವರಿಗೂ ಸೇರಿ ಇರುವ ಆಸ್ತಿ ಒಂದು ದುರ್ಬೀನು, ಒಂದು ರಟ್ಟಿನ ರಿಜಿಸ್ಟರು. ಕರೆದ ಶಾಲೆಗೆ ಹೋಗಿ ಕಥೆ ಹೇಳುತ್ತಾರೆ. ಬಸ್ ಚಾರ್ಜೂ ಕೇಳುವುದಿಲ್ಲ.

ಅಕ್ಕೋರು ಟಾಗೋರ್ ಬೀಚಿನ ಐಎನ್‌ಎಸ್ ಚಾಪಲ್ ಹಡಗಿನ ಹತ್ತಿರ ಸಿಕ್ಕರು. ನಾನು ನಮಸ್ಕಾರ ಹೇಳುವ ಮೊದಲೇ ಅವರ ಕಿವಿ ಬೇರೆ ಕಡೆ ಹೋಗಿತ್ತು. ಪಕ್ಕದಲ್ಲಿ ಒಬ್ಬ ತಂದೆ ಮಗನಿಗೆ, "ನೋಡು, 71ರಲ್ಲಿ ಕರಾಚಿ ಸುಟ್ಟ ಹಡಗು ಇದೇ" ಎನ್ನುತ್ತಿದ್ದ. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟರು.

"ಅಲ್ಲ ಮಾರಾಯ್ರೆ, ಇದು ಸೇವೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಮೊದಲ ಸಲ ಹೋದದ್ದು ನಿಪಾತ್, ನಿರ್ಘಾತ್, ವೀರ್. ಇದು ಅವುಗಳ ತಂಗಿ ಅನ್ನಿ."

ಪಾಪ, ಆತನ ಮುಖ ಸಣ್ಣದಾಯಿತು. ಹುಡುಗ ಮಾತ್ರ, "ಹಾಗಾದ್ರೆ ಇದು ಯುದ್ಧ ಮಾಡ್ಲೇ ಇಲ್ವಾ?" ಎಂದು ಕೇಳಿದ. ಆ ಪ್ರಶ್ನೆಗಾಗಿ ಅಕ್ಕೋರು ಅವನಿಗೆ ಚೀಲದಿಂದ ಚಿಕ್ಕಿ ತೆಗೆದುಕೊಟ್ಟರು. ಹಡಗಿನ ಪಕ್ಕದಲ್ಲೇ ಚೆಂಡಿಯಾದ ರಾಮಾ ರಾಘೋಬಾ ರಾಣೆಯವರ ಪ್ರತಿಮೆಯಿದೆ. 1948ರ ಏಪ್ರಿಲಿನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯ ನೆಲಬಾಂಬುಗಳನ್ನು, ಬಿದ್ದ ಮರಗಳನ್ನು ಗುಂಡಿನ ಮಳೆಯ ನಡುವೆ ತೆರವು ಮಾಡಿ ಟ್ಯಾಂಕುಗಳಿಗೆ ಹಾದಿ ಬಿಡಿಸಿದವರು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಜನ ಅಲ್ಲಿ ಸೆಲ್ಫಿ ತೆಗೆಯುತ್ತಿದ್ದರು. "ರಾಜೌರಿ ದೂರ. ನಮ್ಮದೇ ಊರೆದುರಿನ ಕದನ ಯಾರಿಗೂ ಗೊತ್ತಿಲ್ಲ. ನಡಿ," ಎಂದರು ಅಕ್ಕೋರು.

ರಿಕ್ಷಾ ಹಿಡಿದು ಬಿಣಗಾ ಕಡೆ ಹೋದೆವು. ತಾಂಡೇಲರು ಮೊದಲೇ ಬಂದು ಗುಡ್ಡದ ಬುಡದಲ್ಲಿ ಕಾಯುತ್ತಿದ್ದರು. ಗುಡ್ಡ ಏರುವಾಗ ನನಗೆ ಏದುಸಿರು ಬಂತೇ ಹೊರತು ಅಕ್ಕೋರಿಗಲ್ಲ. ಮೇಲೆ ಗೇರುಮರದ ನೆರಳಲ್ಲಿ ನಿಂತರೆ ಕೆಳಗೆ ನೌಕಾನೆಲೆ, ಅದರಾಚೆ ಮೊಸಳೆ ಮಲಗಿದಂತೆ ಉದ್ದಕ್ಕೆ ಬಿದ್ದಿರುವ ದ್ವೀಪ. ರೂಢಿಯಂತೆ ಫೋನು ತೆಗೆದೆ. ಹಿಂದಿನಿಂದ ನೇವಿಯವರ ಕೈ ನನ್ನ ಮಣಿಕಟ್ಟು ಹಿಡಿಯಿತು. "ಫೋಟೋ ಬೇಡ." ಇಷ್ಟು ವರ್ಷಗಳಲ್ಲಿ ಅವರ ಬಳಿಯೂ ಒಂದೇ ಒಂದು ಫೋಟೋ ಇಲ್ಲ. ರಿಜಿಸ್ಟರಿನ ಮೊದಲ ಪುಟದಲ್ಲಿ ಅಕ್ಕೋರು ಪೆನ್ನಿನಿಂದ ಬರೆದ ನಕಾಶೆಯೇ ಎಲ್ಲ.

ಆ ದ್ವೀಪಕ್ಕೆ ಹೋಗುವಂತಿಲ್ಲ. ಲೆಕ್ಕಕ್ಕೆ ಗೋವಾದ್ದು, ಇರುವುದು ನಮ್ಮೆದುರು, ಕೈಯಲ್ಲಿರುವುದು ನೌಕಾಪಡೆಯದು. ಅದರ ಪುರಾಣ ದೊಡ್ಡದು. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಅಲ್ಲಿದ್ದವಳು ಎಂದು ಭಕ್ತರು ಹೇಳುತ್ತಾರೆ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷರಿಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ಪಡೆ ಈ ದ್ವೀಪದಲ್ಲಿ ಕಾಯುತ್ತ ಕೂತು ನೂರಾರು ಜನ ಕಾಯಿಲೆಗೆ ಸತ್ತರು. ನಾಯಕ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಅಲ್ಲೇ ಮಣ್ಣಾದ. ಇದನ್ನೆಲ್ಲ ಅಕ್ಕೋರು ಎರಡೇ ನಿಮಿಷದಲ್ಲಿ ಮುಗಿಸಿದರು. ಅವರ ಜೀವ ಇರುವುದು 1961ರಲ್ಲಿ.

ಆ ವರ್ಷದ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸ್ ಕಾವಲಿನವರು ಹಾದು ಹೋಗುತ್ತಿದ್ದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರನೂ ಅವರ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ಗೋವಾವನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆ ಶುರುವಾದಾಗ ಐಎನ್‌ಎಸ್ ಮೈಸೂರು, ಐಎನ್‌ಎಸ್ ತ್ರಿಶೂಲ್ ಈ ದ್ವೀಪದ ಪಾಲಿಗೆ ಬಂದವು. ನಾವಿಕರು ದೋಣಿಗಳಲ್ಲಿ ದಡಕ್ಕೆ ಹೊರಟರು. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು, ಆಮೇಲೆ ಗುಂಡು ಬಂತು ಎಂಬುದು ನಮ್ಮ ಕಡೆಯ ಹೇಳಿಕೆ. ನಾವಿಕರು ಏಳು ಮಂದಿ ಸತ್ತರು, 19 ಜನ ಗಾಯಗೊಂಡರು. ಕೊನೆಗೆ ಹಡಗುಗಳ ತೋಪುಗಳೇ ಮಾತಾಡಬೇಕಾಯಿತು. ದ್ವೀಪ ಪೂರ್ತಿ ಕೈಗೆ ಬಂದದ್ದು ಮರುದಿನ ಮಧ್ಯಾಹ್ನ. ಆ ಏಳು ಜನರ ಸ್ಮಾರಕ ಗೋವಾದ ಐಎನ್‌ಎಸ್ ಗೋಮಾಂತಕ್ ನೌಕಾನೆಲೆಯಲ್ಲಿದೆ.

ತಾಂಡೇಲರು ಆಗ ಹನ್ನೆರಡರ ಹುಡುಗ. "ಬಂಡೆ ಮೇಲೆ ಕೂತಿದ್ದೆ. ಶಬ್ದ ಬಂದ ಮೇಲೆ ಕಾಗೆ ಎಲ್ಲಾ ಒಟ್ಟಿಗೆ ಎದ್ದವು. ಅಪ್ಪ ಪಾತಿ ದೋಣಿ ಎಳ್ದು ತೆಂಗಿನ ಬುಡಕ್ಕೆ ಕಟ್ದ. ಮೂರು ದಿನ ಬಲೆ ಒಣಗಿತ್ತು." ಅಷ್ಟೇ ಅವರು ಹೇಳುವುದು, ಪ್ರತಿ ಸಲವೂ ಅಷ್ಟೇ, ಒಂದು ಶಬ್ದ ಹೆಚ್ಚಿಲ್ಲವಂತೆ. ಅವರನ್ನು ಅಕ್ಕೋರು ನಂಬುವುದು ಅದಕ್ಕೇ. ಅವರು ಕೂತಿದ್ದ ಆ ಬಂಡೆ ಈಗ ನೌಕಾನೆಲೆಯ ಗೋಡೆಯ ಒಳಗಿದೆ. ಮನೆಯೂ ಹೋಯಿತು. ಅವರಿರುವುದು ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರ ಕಾಲೊನಿಯಲ್ಲಿ. ಆ ಮಾತು ಬಂದಾಗ ಅವರು ದುರ್ಬೀನನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿದರು.

ನನಗೆ ಹಿಡಿಸಿದ್ದು ಬೇರೆಯೇ ಒಂದು ಕಥೆ. ದ್ವೀಪ ಕೈವಶವಾದ ಮೇಲೂ ಪೋರ್ಚುಗೀಸ್ ಕಾವಲಿನ ಮೂವರು ಸಿಕ್ಕಿರಲಿಲ್ಲ, ಬಂಡೆಗಳ ಸಂದಿಯಲ್ಲಿ ಅಡಗಿದ್ದರು. ಒಬ್ಬ 19ಕ್ಕೆ ಶರಣಾದ. ಇನ್ನೊಬ್ಬ 20ರಂದು ಗ್ರೆನೇಡ್ ಎಸೆದು ಕೆಲವರನ್ನು ಗಾಯಗೊಳಿಸಿ ಸಿಕ್ಕಿಬಿದ್ದ. ಮೂರನೆಯವ ಗೋವಾದವನೇ, ಮ್ಯಾನುಯೆಲ್ ಕೈಟಾನೋ ಎಂಬ ಸಿಪಾಯಿ. ಅವನು ಈಜಿ ನಮ್ಮ ದಡ ಮುಟ್ಟಿದ! ಸೆರೆ ಸಿಕ್ಕಿದ್ದು 22ಕ್ಕೆ. ದುರ್ಬೀನು ಇಟ್ಟು ಬರಿಗಣ್ಣಲ್ಲಿ ನೀರಿನ ಅಗಲ ನೋಡಿದೆ. "ಯಾವ ಜಾಗದಲ್ಲಿ ದಡ ಹತ್ತಿದ?" ಎಂದೆ. "ಅದನ್ನೇ ಹುಡುಕ್ತಾ ಇದ್ದೇವೆ," ಎಂದರು ನೇವಿಯವರು. ತಾಂಡೇಲರು ಬೀಡಿಯ ತುದಿಯಿಂದಲೇ ಸೆಳವಿನ ದಿಕ್ಕು ತೋರಿಸಿದರು: ಡಿಸೆಂಬರಿನ ನೀರು ಹೀಗೆ ಎಳೆಯುತ್ತದೆ, ಆದ್ದರಿಂದ ಅಲ್ಲಿ, ಇಲ್ಲವೇ ಅಲ್ಲಿ. ಎರಡು ಬೆರಳಷ್ಟು ಅಂತರ. ಅದಕ್ಕೇ ಇಬ್ಬರ ನಡುವೆ ಅರ್ಧ ಗಂಟೆ ಜಗಳವಾಯಿತು, ಒಬ್ಬರದು ಕೊಂಕಣಿಯಲ್ಲಿ, ಇನ್ನೊಬ್ಬರದು ಹಿಂದಿ ಬೆರೆತ ಕನ್ನಡದಲ್ಲಿ.

ಅಷ್ಟರಲ್ಲಿ ನಾನು ರಿಜಿಸ್ಟರು ತಿರುವಿದೆ. ಸ್ಕೇಲಿಟ್ಟು ಎಳೆದ ಮೂರು ಕಾಲಂ: ಕಂಡದ್ದು, ಕೇಳಿದ್ದು, ಓದಿದ್ದು. ಎರಡು ಕಡೆಯಿಂದ ತಾಳೆಯಾದದ್ದು ಶಾಯಿಯಲ್ಲಿ, ಉಳಿದದ್ದು ಪೆನ್ಸಿಲಿನಲ್ಲಿ. ಸಾಬರಮತಿಯ ಮೇಲೆ ಗುಂಡು ಬಿದ್ದ ತಾರೀಖು ಒಂದು ಕಡೆ 17, ಇನ್ನೊಂದು ಕಡೆ 24. ಎರಡೂ ಪೆನ್ಸಿಲಿನಲ್ಲೇ ಉಳಿದಿದ್ದವು, ಉಜ್ಜಿ ಉಜ್ಜಿ ಕಾಗದ ಸವೆದಿತ್ತು. 'ಕಂಡದ್ದು' ಕಾಲಂನಲ್ಲಿ ನಾಲ್ಕೇ ಹೆಸರು. ಎರಡರ ಮುಂದೆ ತೀರಿಕೊಂಡ ದಿನಾಂಕ.

ಊಟಕ್ಕೆ ಪೇಟೆಗೆ ಬಂದೆವು. ಮೂವರೂ ಬಾಂಗಡೆಯ ಮುಂದೆ ಕೂತರು, ನಾನು ಅನ್ನ, ಸೋಲ್‌ಕಡಿ. ಆಗ ನೆನಪಾಗಿ ಹೇಳಿದೆ: "ನಮ್ಮ ಅಜ್ಜ ಆ ದಿನ ಅಂಕೋಲೆಯಲ್ಲಿ ಮದುವೆ ಮನೆಯಲ್ಲಿದ್ದನಂತೆ ಅಕ್ಕೋರೇ. ಮೋಡವಿಲ್ಲದೆ ಗುಡುಗಿತು ಅಂತ ಹೇಳ್ತಿದ್ನಂತೆ."

ಅಕ್ಕೋರು ಎಡಗೈಯಲ್ಲೇ ರಿಜಿಸ್ಟರು ಎಳೆದುಕೊಂಡರು. "ನೀನು ಅಜ್ಜನಿಂದ ಕೇಳಿದ್ದೋ?"

"ಅಲ್ಲ, ಅಪ್ಪನಿಂದ."

"ಮದುವೆ ಅಂದ್ಯಲ್ಲ. ಡಿಸೆಂಬರ್ 18 ಅಂದ್ರೆ ಧನುರ್ಮಾಸ ಕೂತಾಗಿತ್ತು. ಯಾರ ಮನೆ ಮದುವೆಯೋ ಅದು?"

ನನಗೆ ತುತ್ತು ಇಳಿಯಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಈ ಕಥೆ ಹೇಳಿದ್ದೇವೆ, ಒಬ್ಬರಿಗೂ ಹೊಳೆದಿರಲಿಲ್ಲ. ಅಕ್ಕೋರು ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಅಪ್ಪನ್ನ ಕೇಳಿ ಫೋನ್ ಮಾಡು," ಎಂದು ಬಾಂಗಡೆಯ ಮುಳ್ಳು ಬಿಡಿಸತೊಡಗಿದರು.

ಸಂಜೆ ಬಸ್ಸು ಕುಮಟಾ ಬಿಟ್ಟಿತು. ಘಟ್ಟದಲ್ಲಿ ನೆಟ್‌ವರ್ಕ್ ಹೋಗುವ ಮೊದಲೇ ಅಪ್ಪನಿಗೆ ಫೋನು ಹಚ್ಚಿದೆ. ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. ಆಮೇಲೆ, "ಹೌದಲ್ಲೋ... ಮದುವೆ ಆಗಿರ್ಲಿಕ್ಕಿಲ್ಲ. ಯಾರದೋ ವೈಕುಂಠ ಸಮಾರಾಧನೆ ಇರ್ಬೇಕು. ತಡಿ, ಅತ್ತೆಗೆ ಕೇಳ್ತೆ," ಎಂದ.