ಇನ್ನೊಂದು ನಾಯಿ ಯಾವಾಗ ತರ್ತೀರಿ?

ಗುಂಡ ಹೋಗಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ಮನೆಗೆ ಬಂದವರು, ದಾರಿಯಲ್ಲಿ ಸಿಕ್ಕವರು, ಬೇರೆ ಏನಕ್ಕೋ ಫೋನ್ ಮಾಡಿದವರು, ಎಲ್ಲರೂ ಕೇಳಿದ್ದು ಒಂದೇ: ಇನ್ನೊಂದು ನಾಯಿ ಯಾವಾಗ ತರ್ತೀರಿ? ಮೊದಮೊದಲು "ನೋಡೋಣ" ಅನ್ನುತ್ತಿದ್ದೆ. ಹೇಳಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ, ಇನ್ನು ಕೇಳಿದವರು ಇದನ್ನೇ ಓದಿಕೊಳ್ಳಲಿ.

ತರುವುದಿಲ್ಲ. ಸದ್ಯಕ್ಕಂತೂ ಇಲ್ಲ.

ಮೊದಲು ಆ "ಇನ್ನೊಂದು" ಅನ್ನೋ ಮಾತು. ಕನ್ನಡದಲ್ಲಿ ನಾಯಿ "ಅದು", ಗೊತ್ತು. ವ್ಯಾಕರಣದ ಜೊತೆ ನನಗೆ ಜಗಳ ಇಲ್ಲ. ಆದರೆ ನಮ್ಮ ಮನೆಯಲ್ಲಿ ಹದಿಮೂರು ವರ್ಷ "ಗುಂಡ ಎಲ್ಲಿ?" ಅಂದರೆ "ಮಂಚದ ಕೆಳಗೆ ಮಲಗಿದ್ದಾನೆ" ಅಂತಲೇ ಉತ್ತರ. ಅಪ್ಪ ಮೊದಲ ಎರಡು ವಾರ "ಆ ನಾಯಿ" ಅನ್ನುತ್ತಿದ್ದರು. ಮೂರನೇ ವಾರ ನಡುರಾತ್ರಿ ಎದ್ದು ಅವನ ಹೊದಿಕೆ ಸರಿಮಾಡುತ್ತಿದ್ದರು. ಅವನು ಹೋದ ಒಂಬತ್ತನೇ ದಿನ ನೆಂಟರೊಬ್ಬರು ಬಂದು, ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ "ಅದು ಹೋಯ್ತಂತೆ ಅಲ್ವಾ, ಈ ಸಲ ಒಳ್ಳೆ ಜಾತಿದೇ ಒಂದು ತಂದುಬಿಡಿ" ಅಂದರು. ಅಮ್ಮ ಏನೂ ಹೇಳಲಿಲ್ಲ. ಅವರ ಚಪ್ಪಲಿ ಎತ್ತಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿಟ್ಟು ಒಳಗೆ ಹೋದರು. ಗುಂಡ ಚಪ್ಪಲಿ ಕಚ್ಚುತ್ತಿದ್ದದ್ದು ಮರಿಯಾಗಿದ್ದಾಗ, ಒಂದೇ ವರ್ಷ. ಮೇಲೆ ಎತ್ತಿಡುವ ಅಭ್ಯಾಸ ಉಳಿದುಬಿಟ್ಟಿತು. ಈಗಲೂ ಅಮ್ಮ ಎತ್ತಿಡುತ್ತಾರೆ.

"ಬರೀ ಒಂದು ನಾಯಿಗೆ ಇಷ್ಟೊಂದಾ?" ಅನ್ನುವವರೂ ಇದ್ದಾರೆ. ಅವರಿಗೆ ಒಂದು ವಿಷಯ ಹೇಳುತ್ತೇನೆ. 1914ರಲ್ಲಿ ಜರ್ಮನಿಯ ಬಾನ್ ಹತ್ತಿರ, ಓಬರ್‌ಕಾಸೆಲ್‌ನಲ್ಲಿ, ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವರಿಗೆ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಸುಮಾರು ಏಳು ತಿಂಗಳ ಒಂದು ನಾಯಿಮರಿ. ಮರಿಯ ಹಲ್ಲು ನೋಡಿ, ಅದಕ್ಕೆ ಡಿಸ್ಟೆಂಪರ್ ಅನ್ನೋ, ನಾಯಿಗಳ ಜೀವ ತೆಗೆಯುವ ವೈರಸ್ ಕಾಯಿಲೆ ಬಂದಿರಬೇಕು, ವಾರಗಟ್ಟಲೆ ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು 2018ರಲ್ಲಿ ಸಂಶೋಧಕರು ಬರೆದರು. ಬೇಟೆಗೂ ಆಗದ, ಕಾವಲಿಗೂ ಆಗದ ಕಾಯಿಲೆ ಮರಿ. ಆದರೂ ಅದರ ಪಕ್ಕ ಕೂತು ಯಾರೋ ನೋಡಿಕೊಂಡಿದ್ದಾರೆ. ಅವರ ಮುಂದೆ ನಿಂತು "ಬರೀ ನಾಯಿ" ಅನ್ನುತ್ತೀರಾ?

ನಾವೂ ಹಾಗೆ ಕೂತವರೇ. ಅದಕ್ಕೇ ನನಗೆ ಬೇರೆ ಪ್ರಶ್ನೆ ಬೇಕಿತ್ತು. ಇವತ್ತೇ ಕಳಿಸಿಕೊಡಬೇಕು ಅಂತ ಹೇಗೆ ತೀರ್ಮಾನ ಮಾಡಿದಿರಿ? ಇದನ್ನು ಒಬ್ಬರೂ ಕೇಳಲಿಲ್ಲ.

ಗುಂಡನಿಗೆ ಕಿಡ್ನಿ ಹೋಗಿತ್ತು. ಮೊದಲ ಗುರುತು ನೀರು. ಅವನ ಬಟ್ಟಲು ಬೇಗ ಬೇಗ ಖಾಲಿಯಾಗುತ್ತಿತ್ತು, ಸೆಕೆಗೆ ಇರಬೇಕು ಅಂದುಕೊಂಡು ಸುಮ್ನೆ ತುಂಬಿಸುತ್ತಿದ್ದೆ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಜಾಸ್ತಿ ಅಂತ ಗೊತ್ತಾಗುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತುಹೋಗಿರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಆಮೇಲೆ ಐದು ತಿಂಗಳು ಮನೆಯಲ್ಲೇ ಸಲೈನ್ ಹಾಕಿದೆವು. ಅಮ್ಮ ಸಲೈನ್ ಚೀಲವನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡುತ್ತಿದ್ದರು, ಅಪ್ಪ ಚೀಲ ಎತ್ತಿ ಹಿಡಿದು ನಿಲ್ಲುತ್ತಿದ್ದರು. ನಾನು ಅವನ ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಅದರ ಬುಡದಲ್ಲಿ ಸೂಜಿ ಚುಚ್ಚುತ್ತಿದ್ದೆ. ನೀರು ಚರ್ಮದ ಕೆಳಗೆ ಗಂಟಾಗಿ ನಿಂತು, ಮೆಲ್ಲಗೆ ಮುಂಗಾಲಿನ ಕಡೆ ಇಳಿಯುತ್ತಿತ್ತು. ಗುಂಡ ತಲೆ ತಿರುಗಿಸಿ ಆ ಗಂಟನ್ನು ಮೂಸಿ, ಮತ್ತೆ ನನ್ನ ಮೊಣಕಾಲ ಮೇಲೆ ಗಲ್ಲ ಇಡುತ್ತಿದ್ದ.

ಕೊನೆಯ ವಾರ ಊಟ ಬಿಟ್ಟ. ಆಮೇಲೆ ಎದ್ದು ನಿಲ್ಲುವುದನ್ನೂ ಬಿಟ್ಟ. ಗೇಟಿನ ಸದ್ದಿಗೆ ಕಿವಿ ಮಾತ್ರ ಎತ್ತುತ್ತಿದ್ದ. ಸರಿ, ಇನ್ನು ಅವನನ್ನು ನರಳಿಸುವುದು ಬೇಡ ಅಂತ ಮೂವರೂ ಒಪ್ಪಿಕೊಂಡೆವು, ಮರುದಿನಕ್ಕೆ ಡಾಕ್ಟರಿಗೆ ಹೇಳಿದೆವು. ಆ ಬೆಳಿಗ್ಗೆ ನಾನು ಹತ್ತಿರ ಹೋದರೆ, ಬಾಲ ಎರಡು ಸಲ ನೆಲಕ್ಕೆ ಬಡಿದ.

ಆ ಎರಡು ಬಡಿತವೇ ನನ್ನನ್ನು ಬಿಡುತ್ತಿಲ್ಲ. ಡಾಕ್ಟರು ಎಲ್ಲ ಮೊದಲೇ ವಿವರಿಸಿದ್ದರು. ಮೊದಲು ನಿದ್ದೆ ಬರುವ ಇಂಜೆಕ್ಷನ್, ಆಮೇಲೆ ಅರಿವಳಿಕೆಯ ದೊಡ್ಡ ಡೋಸ್, ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ, ಕಣ್ಣು ತೆರೆದೇ ಇರಬಹುದು, ಹೆದರಬೇಡಿ. ಹಾಗೇ ಆಯಿತು. ಅಪ್ಪ ಮಾತ್ರ ಅವನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಎರಡು ಸಲ ಮುಚ್ಚಿ ನೋಡಿದರು. ಮುಚ್ಚಲಿಲ್ಲ.

ಇದನ್ನು ಕೇಳಿ. ಕೂತು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಅಮ್ಮನ ಪ್ರಕಾರ ನಾವು ನಾಲ್ಕು ದಿನ ತಡ ಮಾಡಿದೆವು. ಅಪ್ಪ ಇನ್ನೂ ಒಂದು ವಾರ ಕಾಯಬಹುದಿತ್ತು ಅನ್ನುತ್ತಾರೆ. ನನಗೆ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತದೆ. ಈ ಮಾತು ಮೂವರ ನಡುವೆ ಮುಗಿಯುವವರೆಗೂ ದಯವಿಟ್ಟು ಮರಿಗಳ ಫೋಟೋ ಕಳಿಸಬೇಡಿ.