ಬೈಲಕುಪ್ಪೆಯವರು ಯಾವ ದೇಶದವರು ಮಿಸ್?

10 ಜುಲೈ 2024, ಬುಧವಾರ

ಎಂಟನೇ ಕ್ಲಾಸಿಗೆ ಇವತ್ತು ಪೌರತ್ವದ ಪಾಠ. ಪಿರಿಯಾಪಟ್ಟಣದ ಮಕ್ಕಳಿಗೆ ಇದನ್ನು ಬರೀ ಪುಸ್ತಕ ಹಿಡಿದು ಹೇಳೋದು ದಂಡ. ಬಸ್ ಹತ್ತಿದರೆ ಟಿಬೆಟಿಯನ್ ನಿರಾಶ್ರಿತರ ಊರು ಬೈಲಕುಪ್ಪೆ ಸಿಗುತ್ತೆ.

ಬೋರ್ಡಿನ ಮೇಲೆ ಇಬ್ಬರನ್ನು ಬರೆದೆ. ಒಬ್ಬರು ಬೈಲಕುಪ್ಪೆಯಲ್ಲೇ ಹುಟ್ಟಿ, ಅಲ್ಲೇ ಮೊಮೊ ಅಂಗಡಿ ಇಟ್ಟ ಟಿಬೆಟಿಯನ್ ಅಕ್ಕ. ಇನ್ನೊಬ್ಬ ಅಸ್ಸಾಮಿನಿಂದ ಕೊಡಗಿನ ಕಾಫಿ ತೋಟಕ್ಕೆ ಬಂದ ಕೂಲಿಯವನು, ಕನ್ನಡ ಒಂದಕ್ಷರ ಬಾರದು. ಭಾರತದ ಪ್ರಜೆ ಯಾರು ಅಂದೆ. ಕೈಗಳೆಲ್ಲ ಮೊಮೊ ಅಂಗಡಿಗೇ ಎದ್ದವು. "ಆ ಅಕ್ಕ ನಮ್ ಥರಾನೇ ಕನ್ನಡ ಮಾತಾಡ್ತಾರಲ್ವಾ!"

ಕಾನೂನು ಭಾಷೆ ಕೇಳೋದಿಲ್ಲ. ಅಸ್ಸಾಮಿನವನು ಇಲ್ಲಿ ನೆಲೆಸೋಕೆ ಯಾರ ಅಪ್ಪಣೆಯೂ ಬೇಡ, ಸಂವಿಧಾನದ 19ನೇ ವಿಧಿಯೇ ಸಾಕು. ಅಕ್ಕನಿಗೆ ಮಾತ್ರ ಹುಟ್ಟಿದ ತಾರೀಕು ಕೇಳಬೇಕು. 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲಿ ಹುಟ್ಟಿದ್ದರೆ ಅಷ್ಟೇ ಸಾಕು, ಪ್ರಜೆ. ಆಮೇಲೆ ಹುಟ್ಟಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು.

ಹಿಂದಿನ ಬೆಂಚಿನ ಹುಡುಗ ಎದ್ದ. "ಅಪ್ಪ ಅಮ್ಮ ಇಬ್ರೂ ಟಿಬೆಟ್‌ನಿಂದ ಬಂದವರು. ಅಣ್ಣ 86ರಲ್ಲಿ, ತಂಗಿ 88ರಲ್ಲಿ. ಆಗ?"

ಅಣ್ಣನಿಗೆ ವೋಟು ಉಂಟು. ತಂಗಿ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡು ಆಗಾಗ ರಿನ್ಯೂ ಮಾಡಿಸಬೇಕು. ಕ್ಲಾಸಲ್ಲಿ ಜಗಳವೇ ಶುರುವಾಯ್ತು. ಒಂದೇ ಮನೆ, ಒಂದೇ ತಟ್ಟೆ ಊಟ, ಇದ್ಯಾವ ಲೆಕ್ಕ ಅಂತ. ಅಣ್ಣನಂಥವರಿಗೂ ಹಕ್ಕು ಸುಮ್ನೆ ಕೈಗೆ ಬರಲಿಲ್ಲ. ಅವರೂ ಪ್ರಜೆಗಳೇ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಬೇಕಾಯ್ತು.

ಜೂನ್ 30ಕ್ಕೂ ಜುಲೈ 1ಕ್ಕೂ ಏನು ವ್ಯತ್ಯಾಸ ಅಂತ ಅವನೇ ಮತ್ತೆ ಕೇಳಿದ. 1986ರಲ್ಲಿ ಕಾನೂನು ತಿದ್ದಿ ಈ ಗಡಿ ಹಾಕಿದಾಗ ಸರ್ಕಾರದ ಕಣ್ಣಿದ್ದದ್ದು ಬಾಂಗ್ಲಾ, ಶ್ರೀಲಂಕಾ ಕಡೆಯಿಂದ ಬರುವವರ ಮೇಲೆ. ಬಿಸಿ ತಟ್ಟಿದ್ದು ಬೈಲಕುಪ್ಪೆಗೂ. ನನಗೂ ಇದು ಅನ್ಯಾಯ ಅಂತಲೇ ಅನಿಸುತ್ತೆ. ಮಕ್ಕಳ ಮುಂದೆ ಹೇಳಿಯೂಬಿಟ್ಟೆ.

ಇನ್ನು ಭೂಗೋಳ. ಒಬ್ಬಳು ಗೋಡೆಯ ಮ್ಯಾಪಿನ ಮೇಲೆ ಟಿಬೆಟಿನ ಲಾಸಾದಿಂದ ಅರುಣಾಚಲದ ತವಾಂಗ್‌ಗೆ ಬೆರಳು ಎಳೆದಳು. 1959ರಲ್ಲಿ ದಲೈಲಾಮಾ ಬಂದ ದಾರಿ ಅದು. ಅಲ್ಲಿಂದ ಬೈಲಕುಪ್ಪೆಗೆ ಬೆರಳು ಇಳಿಸೋಕೆ ಸ್ಟೂಲಿಂದಲೇ ಇಳಿಯಬೇಕಾಯ್ತು! ಅಷ್ಟು ಚಳಿಯವರು ಈ ಸೆಖೆಗೆ ಯಾಕೆ ಬಂದ್ರು ಅಂದಳು. ಜಾಗ ಇಲ್ಲಿ ಸಿಕ್ಕಿತು, ಅದಕ್ಕೆ. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು ಜೋಳ ಹಾಕಿದರು.

ಬೆಲ್ ಆಯ್ತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ಅಂದರೆ ಈ ಕ್ಲಾಸಿನವರ ವಯಸ್ಸಿನವರಿಗೆ. ಅದನ್ನು ಶುಕ್ರವಾರ ಹೇಳಬೇಕು.